ಓದುವ ಮಕ್ಕಳ ಮನೋಬಲ: ರೈತರ ಮನೆಯಲ್ಲಿ ಮಾಡಬಹುದಾದ ಕೆಲಸ



ಈ ಪತ್ರಿಕೆಯಲ್ಲಿ ಬೀಜೋಪಚಾರ, ಗೊಬ್ಬರದ ಗುಂಡಿ, ಹಸುವಿನ ಕೆಚ್ಚಲು ಬಾವು ಮುಂತಾದ ವಿಷಯಗಳನ್ನು ಓದಿ ಅಭ್ಯಾಸವಾದ ತಮಗೆ ಈ ಲೇಖನದ ತಲೆಬರಹ ಸ್ವಲ್ಪ ಹೊಸದೆನಿಸಬಹುದು. ಶಾಲೆಯ ಮಕ್ಕಳ ಮನಸ್ಸಿನ ಮಾತು ಮೇಷ್ಟರಿಗೆ ಸೇರಿದ್ದಲ್ಲವೆ, ರೈತನಿಗೆ ಏಕೆ ಎಂದು ತಾವು ಕೇಳಬಹುದು. ಮಗು ಶಾಲೆಯಲ್ಲಿ ಇರುವುದು ದಿನಕ್ಕೆ ಆರೇಳು ಗಂಟೆ ಮಾತ್ರ. ಮಿಕ್ಕ ಹೊತ್ತೆಲ್ಲ ತಮ್ಮ ಮನೆಯಲ್ಲಿ, ತಮ್ಮ ಕಣ್ಣೆದುರಿಗೆ ಇರುತ್ತದೆ. ಅಲ್ಲದೆ ಪರೀಕ್ಷೆಯ ಫಲಿತಾಂಶ ಬಂದ ದಿನ ಮಗು ಬರುವುದು ಮೇಷ್ಟರ ಮನೆಗಲ್ಲ, ತಮ್ಮ ಮನೆಗೆ. ಆ ದಿನ ಬಾಗಿಲಲ್ಲಿ ತಾವು ಆಡುವ ಮೊದಲ ಮಾತು ಏನಿರಬೇಕೆಂಬುದನ್ನು ಈಗಲೇ ಯೋಚಿಸಿಟ್ಟುಕೊಳ್ಳುವುದು ಒಳ್ಳೆಯದು.

ರಾಗಿಯ ಹೊಲದಿಂದ ಒಂದು ಮಾತು

ರಾಗಿ ಬೆಳೆಯುವವರಿಗೆ ಹಲುಬೆ ಹೊಡೆಯುವುದು ಗೊತ್ತೇ ಇದೆ. ಬಿತ್ತನೆಯಾಗಿ ಮೂರು ವಾರದ ಹೊತ್ತಿಗೆ, ನೆಲದಲ್ಲಿ ಹದವಾದ ತೇವ ಇರುವಾಗ, ಎತ್ತು ಕಟ್ಟಿ ಪೈರಿನ ಮೇಲೇ ಹಲುಬೆ ಎಳೆಯುತ್ತೀರಿ. ನೋಡಿದವರಿಗೆ ಬೆಳೆ ಹಾಳಾಯಿತೆನಿಸುತ್ತದೆ. ಆದರೆ ಎಂಟು ಹತ್ತು ದಿನಗಳಲ್ಲಿ ಅದೇ ಪೈರು ಎದ್ದು ನಿಂತು ತೆಂಡೆ ಒಡೆಯುತ್ತದೆ. ಹಾವೇರಿಯ ಕಡೆ ಗುಳಿ ರಾಗಿ ಮಾಡುವವರು ಹಗುರವಾದ ಕೊರಡನ್ನು ಎಳೆದು ಎಳೆಯ ಪೈರನ್ನು ಬಗ್ಗಿಸುತ್ತಾರೆ. ಬಗ್ಗಿದ ಗಿಡ ಬೇರನ್ನು ಗಟ್ಟಿಮಾಡಿಕೊಂಡು ಮತ್ತೆ ಏಳುತ್ತದೆ.

ಮಗುವಿನ ಮನೋಬಲವೆಂದರೆ ಹೆಚ್ಚು ಕಡಿಮೆ ಇದೇ. ಎಂದೂ ಬಗ್ಗದೆ ಇರುವುದಲ್ಲ, ಬಗ್ಗಿದ ಮೇಲೆ ಏಳುವುದು. ಇದನ್ನು ಕೇಳಿ ಕೆಲವರು, "ಹಾಗಾದರೆ ಸರಿಯಾಯಿತು, ನಾಲ್ಕು ಬಿಟ್ಟರೆ ಮಗ ಗಟ್ಟಿಯಾಗುತ್ತಾನೆ" ಎನ್ನಬಹುದು. ಸ್ವಲ್ಪ ತಡೆಯಿರಿ. ತೇವವಿಲ್ಲದ ನೆಲದಲ್ಲಿ, ಬಿಸಿಲಿಗೆ ಬಾಡಿ ನಿಂತ ಪೈರಿನ ಮೇಲೆ ತಾವು ಹಲುಬೆ ಹೊಡೆಯುವಿರಾ? ಇಲ್ಲ. ಹೊಡೆದರೆ ಕಿತ್ತು ಬಂದ ಗಿಡ ಅಲ್ಲೇ ಒಣಗುವುದು. ಕಷ್ಟ ಮಗುವನ್ನು ಬೆಳೆಸುವುದು ಅದರ ಬುಡದಲ್ಲಿ ತೇವವಿದ್ದಾಗ ಮಾತ್ರ. ಆ ತೇವ ಯಾವುದು ಎಂಬುದನ್ನೇ ಮುಂದೆ ಹೇಳಲಿದ್ದೇನೆ.

ಒಂದು ದ್ವೀಪದ ಮಕ್ಕಳ ಕಥೆ

ಅಮೆರಿಕಕ್ಕೆ ಸೇರಿದ ಹವಾಯಿ ದ್ವೀಪಗಳಲ್ಲಿ ಕವಾಯಿ ಎಂಬುದೊಂದು. ಕಬ್ಬು, ಅನಾನಸ್ ತೋಟಗಳ ನಾಡು. ಜನರಲ್ಲಿ ಬಹುಪಾಲು ತೋಟದ ಕೂಲಿಗಳು. 1955ರಲ್ಲಿ ಅಲ್ಲಿ ಹುಟ್ಟಿದ 698 ಮಕ್ಕಳನ್ನು ವಿದ್ವಾಂಸರು ಗುರುತಿಟ್ಟುಕೊಂಡು, ಅವರು ಒಂದು ವರ್ಷದವರಾಗಿದ್ದಾಗಿನಿಂದ ನಲವತ್ತು ವರ್ಷದವರಾಗುವವರೆಗೆ ಮತ್ತೆ ಮತ್ತೆ ಹೋಗಿ ನೋಡಿದರು. ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ಎಂಬ ಇಬ್ಬರು ಮಹಿಳೆಯರ ಹೆಸರು ಈ ಕೆಲಸಕ್ಕೆ ಅಂಟಿಕೊಂಡಿದೆ. ಒಂದು ಬೆಳೆಯ ಫಲಕ್ಕಾಗಿ ನಾಲ್ಕು ದಶಕ ಕಾದ ತಾಳ್ಮೆ ಅದು!

ಆ ಮಕ್ಕಳಲ್ಲಿ ಮೂರರಲ್ಲೊಂದು ಪಾಲು ಬಹಳ ಕಷ್ಟದಲ್ಲಿ ಹುಟ್ಟಿದ್ದವು. ಬಡತನ, ಹೆರಿಗೆಯ ತೊಂದರೆ, ಮನೆಯಲ್ಲಿ ಕುಡಿತ, ಜಗಳ, ತಂದೆತಾಯಿಗಳ ಮನೋರೋಗ ಎಲ್ಲವೂ ಇತ್ತು. ಅವರಲ್ಲಿ ಅನೇಕರು ಶಾಲೆಯಲ್ಲಿ ಹಿಂದೆ ಬಿದ್ದರು, ಕೆಲವರು ದಾರಿ ತಪ್ಪಿದರು. ಆದರೆ ಅದೇ ಕಷ್ಟದ ಮಕ್ಕಳಲ್ಲಿ ಸುಮಾರು ಮೂರರಲ್ಲೊಬ್ಬರು ಚೆನ್ನಾಗಿ ಬೆಳೆದು, ಧೈರ್ಯಸ್ಥರಾಗಿ, ಇನ್ನೊಬ್ಬರ ಸುಖದುಃಖಕ್ಕೆ ಆಗುವವರಾಗಿ ನಿಂತರು. ಇವರಿಗೆ ಇದ್ದು ಉಳಿದವರಿಗೆ ಇಲ್ಲದ್ದು ಏನು ಎಂದು ಹುಡುಕಿದಾಗ ಸಿಕ್ಕ ಉತ್ತರ ಹಣವಲ್ಲ. ಅಂಥ ಪ್ರತಿ ಮಗುವಿಗೂ ತನ್ನನ್ನು ಇದ್ದ ಹಾಗೆಯೇ ಒಪ್ಪಿಕೊಂಡ ಒಬ್ಬರಾದರೂ ಹಿರಿಯರು ಇದ್ದರು. ಅವರು ತಾಯಿತಂದೆಯೇ ಆಗಿರಬೇಕೆಂದಿಲ್ಲ. ಅಜ್ಜಿಯೋ, ಚಿಕ್ಕಮ್ಮನೋ, ನೆರೆಮನೆಯವರೋ, ಒಬ್ಬ ಉಪಾಧ್ಯಾಯರೋ ಆಗಿದ್ದರು. ಎರಡನೆಯದಾಗಿ, ಆ ಮಕ್ಕಳಿಗೆ ಮನೆಯಲ್ಲಿ ತಾವೇ ಮಾಡಬೇಕಾದ ಒಂದು ಕೆಲಸವಿತ್ತು. ತಮ್ಮ ತಂಗಿಯರನ್ನು ನೋಡಿಕೊಳ್ಳುವಂಥದ್ದು, ತಾವು ಮಾಡದಿದ್ದರೆ ಮನೆ ನಡೆಯದು ಎಂಬಂಥದ್ದು. ಇನ್ನೊಂದು ಸಂಗತಿಯನ್ನೂ ಮರೆಯುವಂತಿಲ್ಲ. ಹದಿನೆಂಟರಲ್ಲಿ ಕೆಟ್ಟರೆಂದು ಎಲ್ಲರೂ ಕೈಬಿಟ್ಟವರಲ್ಲಿ ಬಹುಮಂದಿ ಮೂವತ್ತು ನಲವತ್ತರ ಹೊತ್ತಿಗೆ ದಾರಿಗೆ ಬಂದಿದ್ದರು.

ನಮ್ಮ ಹಳ್ಳಿಗಳಲ್ಲಿ ಈ ಎರಡೂ ಸಾಮಗ್ರಿ ಉಂಟು. ಅಜ್ಜಿ ಇದ್ದಾಳೆ, ಸೋದರಮಾವ ಇದ್ದಾನೆ. ಕೊಟ್ಟಿಗೆಯ ಕೆಲಸವೂ ಇದೆ. ನಾವು ಅವನ್ನು ಮಗುವಿನ ಬಲಕ್ಕೆ ಬಳಸುತ್ತೇವೆಯೋ, ಮಗುವನ್ನು ಹಂಗಿಸಲು ಬಳಸುತ್ತೇವೆಯೋ ಎಂಬುದನ್ನು ನೋಡಬೇಕಾಗಿದೆ.

ನಮ್ಮ ಮಾತುಗಳು

"ಓದದಿದ್ದರೆ ದನ ಕಾಯೋಕೆ ಕಳಿಸ್ತೀನಿ." "ನೀನು ನೇಗಿಲು ಹಿಡಿಯೋಕೇ ಲಾಯಕ್ಕು." ಈ ಮಾತು ಆಡದ ತಂದೆ ನಮ್ಮ ಹೋಬಳಿಗಳಲ್ಲಿ ಅಪರೂಪ. ಇದನ್ನು ಆಡುವಾಗ ನಮಗೆ ತಿಳಿಯದೆಯೇ ಎರಡು ಅನ್ಯಾಯ ಮಾಡುತ್ತೇವೆ. ಮೊದಲನೆಯದು ಮಗುವಿಗೆ. ಎರಡನೆಯದು ನಮಗೇ. ಅನ್ನ ಕೊಡುವ ಕೆಲಸವನ್ನು ನಾವೇ ಶಿಕ್ಷೆಯೆಂದು ಕರೆದರೆ, ನಾಳೆ ಪರೀಕ್ಷೆಯಲ್ಲಿ ಸೋತ ಹುಡುಗ ಹೊಲಕ್ಕೆ ಇಳಿಯುವಾಗ ಜೈಲಿಗೆ ಹೋಗುವವನ ಹಾಗೆ ಇಳಿಯುತ್ತಾನೆ. ಅಪ್ಪನ ಕಸುಬು ಅವನಿಗೆ ಆಸರೆಯಾಗುವ ಬದಲು ಅವಮಾನವಾಗುತ್ತದೆ.

ಹೆಣ್ಣುಮಗುವಿಗೆ ಹೇಳುವ ಮಾತು ಇನ್ನೂ ಕಠಿಣ. "ಫೇಲಾದರೆ ಮದುವೆ ಮಾಡಿಬಿಡ್ತೀವಿ." ಹದಿನೆಂಟು ತುಂಬದ ಹುಡುಗಿಯ ಮದುವೆ ಕಾನೂನಿನಂತೆ ಅಪರಾಧ ಎಂಬುದು ತಮಗೆ ಗೊತ್ತಿದೆ. ಮದುವೆ ಮಾಡದಿದ್ದರೂ ಆ ಮಾತನ್ನು ತಿಂಗಳುಗಟ್ಟಲೆ ಕೇಳುತ್ತ ಪುಸ್ತಕ ತೆರೆಯುವ ಹುಡುಗಿಗೆ, ಪ್ರತಿ ಪುಟದ ಹಿಂದೆಯೂ ಆ ಬೆದರಿಕೆ ಕಾಣುತ್ತದೆ. ಅವಳಿಗೆ ಗಣಿತ ತಲೆಗೆ ಹೋಗದಿದ್ದರೆ ಆಶ್ಚರ್ಯವೇನು?

ಇನ್ನು ಸಾಲದ ಮಾತು. ರಾತ್ರಿ ಊಟವಾದ ಮೇಲೆ ಸೊಸೈಟಿಯ ಸಾಲ, ಬೋರ್‌ವೆಲ್ಲಿನ ಸಾಲ, ಕಾಲೇಜಿನ ಫೀಜು ಎಂದು ಗಂಡಹೆಂಡಿರು ಮೆಲ್ಲನೆ ಲೆಕ್ಕ ಹಾಕುತ್ತೀರಿ. ಮಕ್ಕಳು ಮಲಗಿದ್ದಾರೆಂದು ತಮ್ಮ ಎಣಿಕೆ. ಅವರು ಮಲಗಿರುವುದಿಲ್ಲ. ಅರ್ಧ ಕೇಳಿದ ಮಾತಿಗೆ ಮಿಕ್ಕರ್ಧವನ್ನು ಭಯವೇ ಸೇರಿಸುತ್ತದೆ. "ನನ್ನಿಂದಲೇ ಅಪ್ಪ ಮುಳುಗುತ್ತಿದ್ದಾನೆ" ಎಂದು ಹದಿನಾರರ ಹುಡುಗ ತೀರ್ಮಾನ ಮಾಡಿಬಿಡುತ್ತಾನೆ. ಆದುದರಿಂದ ಬಚ್ಚಿಡುವುದಕ್ಕಿಂತ ಹಗಲಲ್ಲಿ ಕೂಡಿಸಿಕೊಂಡು ಸರಳವಾಗಿ ಹೇಳಿಬಿಡುವುದು ಮೇಲು: "ಇಷ್ಟು ಸಾಲ ಇದೆ, ಹೀಗೆ ತೀರಿಸಬೇಕೆಂದಿದ್ದೇವೆ, ಇದು ದೊಡ್ಡವರ ಹೊಣೆ. ನಿನ್ನ ನಂಬರಿನಿಂದ ಸಾಲ ತೀರುವುದೂ ಇಲ್ಲ, ಬೆಳೆಯುವುದೂ ಇಲ್ಲ."

ನಾನೇ ಹತ್ತನೆಯ ತರಗತಿಯಲ್ಲಿ ಗಣಿತದಲ್ಲಿ ನಪಾಸಾದವನು. ಸಂಜೆಯವರೆಗೆ ಕೆರೆ ಏರಿಯ ಮೇಲೆ ಕೂತಿದ್ದು ಕತ್ತಲಾದ ಮೇಲೆ ಮನೆಗೆ ಹೋದೆ. ಅಪ್ಪ ಏನೂ ಕೇಳಲಿಲ್ಲ. "ಕೈಕಾಲು ತೊಳಕೊಂಡು ಬಾ, ಮುದ್ದೆ ಆರ್ತದೆ" ಎಂದರು. ಮಾರನೆಯ ದಿನ ಹೊಲದ ಬದುವಿನ ಮೇಲೆ ಕೂತು ಮುಂದೇನು ಎಂದು ಮಾತಾಡಿದೆವು. ಅವರು ಅಂದು ಮಾಡಿದ್ದು ದೊಡ್ಡ ಬುದ್ಧಿವಾದವಲ್ಲ. ಮಾತನ್ನು ಒಂದು ರಾತ್ರಿ ಮುಂದೂಡಿದರು, ಅಷ್ಟೆ.

ಒಂದು ರಾತ್ರಿ ಏಕೆ ಮುಖ್ಯ

ಇದಕ್ಕೆ ದೇಹದ ಕಾರಣವೂ ಇದೆ. ಸಂತೆಯಿಂದ ಬರುವಾಗ ಲಾರಿಯ ಹಾರನ್ನಿಗೆ ಹೋರಿ ಬೆದರಿತೆನ್ನಿ. ಆಗ ಅದು ತಾವು ಕೂಗಿದ ಹೆಸರನ್ನು ಕೇಳುವುದಿಲ್ಲ; ಓಡುವುದೊಂದೇ ಅದಕ್ಕೆ ಗೊತ್ತು. ಮನುಷ್ಯನಿಗೂ ದೊಡ್ಡ ಭಯವಾದಾಗ ಮೂತ್ರಪಿಂಡಗಳ ಮೇಲಿರುವ ಸಣ್ಣ ಗ್ರಂಥಿಗಳಿಂದ ಅಡ್ರಿನಲಿನ್ ಎಂಬ ರಸ ರಕ್ತಕ್ಕೆ ಇಳಿಯುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಕೈ ಬೆವರುತ್ತದೆ, ಬಾಯಿ ಒಣಗುತ್ತದೆ, ಹೊಟ್ಟೆ ತೊಳಸುತ್ತದೆ. ಓದಿದ್ದು ಆ ಗಳಿಗೆಗೆ ನೆನಪಿಗೆ ಬರುವುದಿಲ್ಲ. ಇದು ಹೇಡಿತನವಲ್ಲ, ದೇಹದ ಧರ್ಮ.

ಇನ್ನೊಂದು ಸಂಗತಿ. ಮುಂದಾಲೋಚನೆ ಮಾಡುವ, ಆವೇಗಕ್ಕೆ ಕಡಿವಾಣ ಹಾಕುವ ಮೆದುಳಿನ ಭಾಗ ಹಣೆಯ ಹಿಂದೆ ಇದೆ. ಅದು ಪೂರ್ತಿ ಬಲಿಯುವುದು ಇಪ್ಪತ್ತು ದಾಟಿ ಇಪ್ಪತ್ತೈದರ ಆಸುಪಾಸಿನಲ್ಲಿ. ಮೀಸೆ ಮೂಡಿದ ಮಾತ್ರಕ್ಕೆ, ಅಪ್ಪನಿಗಿಂತ ಎತ್ತರವಾದ ಮಾತ್ರಕ್ಕೆ ಹುಡುಗ ಬಲಿತನೆಂದು ತಿಳಿಯಬಾರದು. ಹದಿನಾರರ ಹುಡುಗನಿಗೆ ಈ ದಿನದ ಅವಮಾನ ಇಡೀ ಬಾಳಿನಷ್ಟು ದೊಡ್ಡದಾಗಿ ಕಾಣುತ್ತದೆ. ಮಾರನೆಯ ದಿನಕ್ಕೆ ಅದು ಅರ್ಧಕ್ಕೆ ಇಳಿದಿರುತ್ತದೆ. ಅಲ್ಲಿಯವರೆಗೆ ಅವನನ್ನು ದಾಟಿಸುವುದೇ ಹಿರಿಯರ ಕೆಲಸ.

ಕಲಿಸಬಹುದಾದ ವಿದ್ಯೆಗಳು

ಧೈರ್ಯ ಹುಟ್ಟಿನಿಂದ ಬರುವುದೆಂದು ನಾವು ತಿಳಿದಿದ್ದೇವೆ. ಬಹುಮಟ್ಟಿಗೆ ಅದು ಈಜಿನಂತೆ ಕಲಿಯುವ ವಿದ್ಯೆ. ವಿಶ್ವ ಆರೋಗ್ಯ ಸಂಸ್ಥೆಯವರು 1990ರ ದಶಕದಲ್ಲಿಯೇ ಇಂಥ ಹತ್ತು ಜೀವನ ಕೌಶಲಗಳನ್ನು ಗುರುತಿಸಿ ಶಾಲೆಗಳಲ್ಲಿ ಕಲಿಸಬೇಕೆಂದರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ನಮ್ಮ ರಾಜ್ಯದ ಶಾಲಾ ಉಪಾಧ್ಯಾಯರಿಗಾಗಿ ಅದರ ಪಾಠಗಳನ್ನು ಸಿದ್ಧಪಡಿಸಿದರು. ಹತ್ತನ್ನೂ ಇಲ್ಲಿ ವಿವರಿಸಿದರೆ ತಾವು ಪತ್ರಿಕೆ ಮಡಿಸಿ ಇಡುವಿರಿ. ಮನೆಯಲ್ಲಿ ಮಾಡಬಹುದಾದ ಕೆಲವನ್ನು ಮಾತ್ರ ಹೇಳುತ್ತೇನೆ.

ಮೊದಲನೆಯದು ಉಸಿರು. ನಾಲ್ಕು ಎಣಿಸುವವರೆಗೆ ಮೂಗಿನಿಂದ ಉಸಿರು ಎಳೆದುಕೊಂಡು, ಆರು ಎಣಿಸುವವರೆಗೆ ನಿಧಾನವಾಗಿ ಬಿಡುವುದು. ಹೊಟ್ಟೆ ಉಬ್ಬಬೇಕು, ಹೆಗಲು ಏರಬಾರದು. ಹತ್ತು ಹದಿನೈದು ಸಲ ಹೀಗೆ ಮಾಡಿದರೆ ಹೊಡೆದುಕೊಳ್ಳುವ ಎದೆ ತಗ್ಗುತ್ತದೆ. ಉಸಿರು ಬಿಡುವುದು ಉದ್ದವಾದಷ್ಟೂ ದೇಹಕ್ಕೆ ಗಂಡಾಂತರ ಕಳೆಯಿತೆಂಬ ಸೂಚನೆ ಹೋಗುತ್ತದೆ. ಇದಕ್ಕೆ ಕಾಸು ಬೇಡ. ಆದರೆ ಪರೀಕ್ಷೆಯ ದಿನವೇ ಹೊಸದಾಗಿ ಮಾಡಲು ಹೋದರೆ ಕೈಗೂಡದು. ಎರಡು ತಿಂಗಳು ಮೊದಲೇ, ದಿನಾ ದೀಪ ಹಚ್ಚಿದ ಮೇಲೆ ಐದು ನಿಮಿಷ ರೂಢಿ ಮಾಡಬೇಕು. ತಾವೂ ಜೊತೆಗೆ ಕೂತರೆ ಮಗು ನಗುವುದು, ಮಾಡುವುದು.

ಎರಡನೆಯದು ಭಯಕ್ಕೆ ಹೆಸರಿಡುವುದು. "ಏನೋ ಆಗ್ತಿದೆ" ಎನ್ನುವ ಮಗುವಿಗೆ ನೆರವಾಗುವುದು ಕಷ್ಟ. "ಇಂಗ್ಲಿಷ್ ಪೇಪರಿನಲ್ಲಿ ಪತ್ರ ಬರೆಯಲು ಬರುವುದಿಲ್ಲ, ಅದಕ್ಕೆ ಹೆದರಿಕೆ" ಎಂದರೆ ಅರ್ಧ ದಾರಿ ಬಂದಂತೆ. ಬೆಳೆ ಹಳದಿಯಾಗಿದೆ ಎಂದು ಮಾತ್ರ ಹೇಳಿದರೆ ಕೃಷಿ ಅಧಿಕಾರಿ ಏನು ಮಾಡಿಯಾರು? ಎಲೆ ತುದಿಯೋ, ನರವೋ, ಮೇಲಿನ ಎಲೆಯೋ, ಕೆಳಗಿನದೋ ಎಂದು ಕೇಳುತ್ತಾರೆ. ಹಾಗೆಯೇ ಕೇಳಿ. ಯಾವ ವಿಷಯ, ಯಾವ ಪಾಠ, ಯಾರ ಮಾತು? ಉತ್ತರ ಬಂದೊಡನೆ ಬುದ್ಧಿ ಹೇಳಬೇಡಿ. ನಮ್ಮಲ್ಲಿ ಬುದ್ಧಿ ಹೇಳುವವರಿಗೆ ಬರವಿಲ್ಲ, ಕಿವಿಗೊಡುವವರು ಕಡಿಮೆ. "ಹೂಂ, ಆಮೇಲೆ?" ಎಂಬ ಎರಡು ಮಾತಿನಿಂದ ಆಗುವ ಕೆಲಸ ಒಂದು ಗಂಟೆಯ ಉಪದೇಶದಿಂದ ಆಗುವುದಿಲ್ಲ. ಎದುರಿಗೆ ಕೂರಿಸಿ ಕೇಳಿದರೆ ಹುಡುಗರು ಬಾಯಿ ಬಿಡರು. ಕಳೆ ಕೀಳುವಾಗ, ಹಾಲು ಹಾಕಿ ಡೈರಿಯಿಂದ ಬರುವಾಗ, ಅಕ್ಕಪಕ್ಕ ನಡೆಯುತ್ತ ಕೇಳಿ ನೋಡಿ.

ಮೂರನೆಯದು ದೊಡ್ಡ ಹೊರೆಯನ್ನು ಸಣ್ಣ ಕಟ್ಟುಗಳಾಗಿ ಮಾಡುವುದು. ಎರಡೆಕರೆ ಕಳೆಯನ್ನು ನೋಡುತ್ತ ನಿಂತರೆ ಸೊಂಟ ಬೀಳುತ್ತದೆ. ಈ ದಿನ ಈ ಬದುವಿನವರೆಗೆ ಎಂದುಕೊಂಡರೆ ಮುಗಿಯುತ್ತದೆ. ಓದಿಗೂ ಹಾಗೆಯೇ ದಿನದ ಪಾಲು ಗೊತ್ತುಮಾಡಬೇಕು. ಹಾಗೆ ಓದಿದ್ದನ್ನು ಪುಸ್ತಕ ಮುಚ್ಚಿ ಬರೆದು ನೋಡಬೇಕು. ಎರಡು ದಿನ ಬಿಟ್ಟು ಮತ್ತೆ, ವಾರ ಬಿಟ್ಟು ಮತ್ತೆ ಬರೆಯಬೇಕು. ಒಂದೇ ಪುಟವನ್ನು ಹತ್ತು ಸಲ ಗಟ್ಟಿಯಾಗಿ ಓದುವುದಕ್ಕಿಂತ ಹೀಗೆ ನೆನಪಿನಿಂದ ಬರೆಯುವುದು ಹೆಚ್ಚು ಉಳಿಯುತ್ತದೆಂದು ಕಲಿಕೆಯನ್ನು ಪರೀಕ್ಷಿಸಿದವರು ಕಂಡಿದ್ದಾರೆ. ಓದು ನಿಂತಿತೆಂಬ ಭರವಸೆಯೇ ಭಯಕ್ಕೆ ಒಳ್ಳೆಯ ಮದ್ದು.

ನಿದ್ರೆಯ ವಿಷಯದಲ್ಲಿ ನಮ್ಮವರು ತಪ್ಪು ಮಾಡುತ್ತಾರೆ. ರಾತ್ರಿ ಎರಡು ಗಂಟೆಯವರೆಗೆ ಓದಿದ, ಮತ್ತೆ ನಾಲ್ಕಕ್ಕೆ ಎದ್ದ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹದಿನಾಲ್ಕರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆ ನಿದ್ರೆ ಬೇಕು. ಹಗಲು ಓದಿದ್ದನ್ನು ಮೆದುಳು ಕಣಜಕ್ಕೆ ತುಂಬುವುದು ನಿದ್ರೆಯಲ್ಲಿಯೇ. ನಿದ್ರೆಗೆಟ್ಟು ಓದುವುದೆಂದರೆ ರಾಶಿ ಮಾಡಿದ ಕಾಳನ್ನು ಕಣದಲ್ಲೇ ಮಳೆಗೆ ಬಿಟ್ಟಂತೆ. ಮೊಬೈಲನ್ನು ರಾತ್ರಿ ಎಲ್ಲರೂ ಒಂದೇ ಕಡೆ, ಅಡುಗೆಮನೆಯ ಗೂಡಿನಲ್ಲಿ ಇಡುವ ಪದ್ಧತಿ ಮಾಡಿ. ಎಲ್ಲರೂ ಎಂದರೆ ತಮ್ಮದೂ ಸೇರಿದಂತೆ.

ಇನ್ನು ಕೆಲಸ. ಪರೀಕ್ಷೆಯ ವರ್ಷವೆಂದು ಮಗುವಿಗೆ ಕಡ್ಡಿ ಎತ್ತಿಡಲೂ ಬಿಡದ ಮನೆಗಳಿವೆ; ಸುಗ್ಗಿ ಬಂತೆಂದು ಹದಿನೈದು ದಿನ ಶಾಲೆ ಬಿಡಿಸುವ ಮನೆಗಳೂ ಇವೆ. ಎರಡೂ ಬೇಡ. ಸಂಜೆ ಅರ್ಧ ಗಂಟೆ ಕರುವಿಗೆ ನೀರು, ಹಿತ್ತಿಲಿನ ಗಿಡಗಳ ಆರೈಕೆ, ಇಲ್ಲವೆ ಗೆಳೆಯರೊಡನೆ ಕಬಡ್ಡಿ ಸಾಕು. ಮೈ ಬೆವರಿದರೆ ಮನಸ್ಸಿನ ಬಿಗಿ ಸಡಿಲುತ್ತದೆ. ಪುಸ್ತಕದಲ್ಲಿ ಸೋತ ದಿನವೂ ತಾನು ಬೇಕಾದವನು ಎಂಬುದು ಮಗುವಿಗೆ ಕರುವಿನ ಮುಂದೆ ತಿಳಿಯುತ್ತದೆ.

ಬಾಡುವ ಗುರುತುಗಳು

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಹತ್ತರಿಂದ ಹತ್ತೊಂಬತ್ತು ವರ್ಷದವರಲ್ಲಿ ಏಳರಲ್ಲೊಬ್ಬರಿಗೆ ಯಾವುದಾದರೊಂದು ಮನಸ್ಸಿನ ತೊಂದರೆ ಇರುತ್ತದೆ. ಎಂದರೆ ನಲವತ್ತು ಮಕ್ಕಳ ತರಗತಿಯಲ್ಲಿ ಐದಾರು ಮಂದಿ. ಅವರೆಲ್ಲರಿಗೂ ಮದ್ದು ಬೇಕೆಂದಲ್ಲ, ಆದರೆ ಗಮನ ಬೇಕು.

ಪರೀಕ್ಷೆಯ ಮುಂಚೆ ನಾಲ್ಕು ದಿನ ಊಟ ಸೇರದಿರುವುದು ಸಹಜ. ಆದರೆ ಎರಡು ವಾರಕ್ಕೂ ಮೀರಿ ಮಗು ಮಂಕಾಗಿದ್ದರೆ, ಮೆಚ್ಚಿದ ಆಟ, ಗೆಳೆಯರು, ಹಬ್ಬ ಯಾವುದೂ ಬೇಡವಾದರೆ, ನಿದ್ರೆ ತೀರ ಕಡಿಮೆಯಾದರೆ ಅಥವಾ ಹಗಲೂ ಮಲಗಿಯೇ ಇದ್ದರೆ, ವೈದ್ಯರು ನೋಡಿ ಏನೂ ಇಲ್ಲವೆಂದರೂ ತಲೆನೋವು ಹೊಟ್ಟೆನೋವು ಬಿಡದಿದ್ದರೆ, ಗಮನಿಸಬೇಕು. ಗಂಡುಹುಡುಗರಲ್ಲಿ ದುಃಖ ಅನೇಕ ವೇಳೆ ಸಿಟ್ಟಿನ ವೇಷದಲ್ಲಿ ಬರುತ್ತದೆ. ಬಾಗಿಲು ಬಡಿಯುವುದು, ತಟ್ಟೆ ತಳ್ಳುವುದು. ಕೊಬ್ಬು ಎಂದು ತಳ್ಳಿಹಾಕಬೇಡಿ. "ನಾನಿಲ್ಲದಿದ್ದರೆ ನಿಮಗೆ ನೆಮ್ಮದಿ" ಎಂಬ ಮಾತು ಬಂದರೆ, ಪ್ರೀತಿಯ ವಸ್ತುಗಳನ್ನು ಇದ್ದಕ್ಕಿದ್ದಂತೆ ಹಂಚಿಬಿಟ್ಟರೆ, ಆ ದಿನವೇ ಕೆಲಸ ಬಿಟ್ಟು ಹತ್ತಿರ ಕೂರಬೇಕು.

ಆಗ ನೇರವಾಗಿ ಕೇಳಿ: "ಸಾಯಬೇಕೆಂಬ ಯೋಚನೆ ಬರುತ್ತಿದೆಯಾ, ಮಗಾ?" ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತಾಗುವುದೆಂದು ಜನ ಹೆದರುತ್ತಾರೆ. ಅದು ನಿಜವಲ್ಲ. ಕೇಳಿದವರು ಸಿಕ್ಕರೆಂದು ಮಗುವಿನ ಎದೆ ಹಗುರವಾಗುತ್ತದೆ. ಉತ್ತರ ಹೌದೆಂದಾದರೆ ಗದರಬೇಡಿ, ಅಳಬೇಡಿ, ಆಣೆ ಹಾಕಿಸಿಕೊಳ್ಳಬೇಡಿ; ಒಂಟಿಯಾಗಿ ಬಿಡಬೇಡಿ. ನೆರವಿಗೆ ಕರೆಯಿರಿ. ಯಾರನ್ನು ಎಂಬುದನ್ನು ಕೆಳಗೆ ಹೇಳಿದೆ.

ಔಷಧಿಯ ಡಬ್ಬ ಎಲ್ಲಿದೆ?

ಈ ಲೇಖನದಲ್ಲಿ ಒಂದೇ ಒಂದು ಮಾತನ್ನು ತಾವು ನಡೆಸುವುದಾದರೆ ಇದನ್ನು ನಡೆಸಿ. ಬೆಳೆಗೆ ಹೊಡೆಯುವ ಔಷಧಿಯನ್ನು ನಮ್ಮಲ್ಲಿ ಎಲ್ಲಿ ಇಡುತ್ತಾರೆ? ಹಜಾರದ ಮೂಲೆಯಲ್ಲಿ, ಕೊಟ್ಟಿಗೆಯ ಅಟ್ಟದ ಮೇಲೆ, ಕೆಲವೆಡೆ ಮಂಚದ ಕೆಳಗೆ. ನಾವು ಅದನ್ನು ಔಷಧಿ ಎನ್ನುತ್ತೇವೆ. ಅದು ವಿಷ.

ಎಳೆಯರಲ್ಲಿ ಪ್ರಾಣ ಬಿಡಬೇಕೆಂಬ ಆವೇಗ ಅನೇಕ ವೇಳೆ ಕೆಲವು ನಿಮಿಷಗಳದ್ದು ಅಥವಾ ಕೆಲವು ಗಂಟೆಗಳದ್ದು. ಆ ಹೊತ್ತಿನಲ್ಲಿ ವಿಷ ಕೈಗೆ ಸಿಗದಿದ್ದರೆ ಗಳಿಗೆ ದಾಟಿಹೋಗುತ್ತದೆ, ಮಗು ಉಳಿಯುತ್ತದೆ. ಹಾಗೆ ಉಳಿದವರಲ್ಲಿ ಬಹುಪಾಲು ಜನ ಮುಂದೆ ಆ ದಾರಿ ಹಿಡಿಯುವುದಿಲ್ಲ. ಇದು ಬರಿಯ ಊಹೆಯಲ್ಲ. ನೆರೆಯ ಶ್ರೀಲಂಕಾದಲ್ಲಿ 1995ರ ಹೊತ್ತಿಗೆ ಆತ್ಮಹತ್ಯೆಗಳು ಬಹಳವಾಗಿದ್ದವು. ಕೀಟನಾಶಕವೇ ಅದಕ್ಕೆ ಮುಖ್ಯ ಕಾರಣವಾಗಿತ್ತು. ಆ ಸರ್ಕಾರ ಅತಿ ಘೋರವಾದ ಕೀಟನಾಶಕಗಳನ್ನು 1995ರಲ್ಲಿ ತಡೆಯಿತು, 1998ರಲ್ಲಿ ಎಂಡೋಸಲ್ಫಾನನ್ನೂ ತಡೆಯಿತು. ಹತ್ತು ವರ್ಷಗಳಲ್ಲಿ ಅಲ್ಲಿಯ ಆತ್ಮಹತ್ಯೆಗಳ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಬೆಳೆಯ ಇಳುವರಿ ಅದರಿಂದ ಕುಸಿಯಲಿಲ್ಲ. ಜನರ ಕಷ್ಟಗಳು ತೀರಿದ್ದಕ್ಕೆ ಹೀಗಾದದ್ದಲ್ಲ. ಕಷ್ಟದ ಗಳಿಗೆಯಲ್ಲಿ ಕೈಗೆ ಸಿಗುವ ವಿಷ ಬದಲಾಯಿತು.

ಆದುದರಿಂದ ಹಳೆಯ ತಗಡಿನ ಟ್ರಂಕೊಂದಕ್ಕೆ ಬೀಗ ಹಾಕಿ, ಕೀಟನಾಶಕ, ಕಳೆನಾಶಕ, ಇಲಿ ಪಾಷಾಣ ಎಲ್ಲವನ್ನೂ ಅದರಲ್ಲಿಡಿ. ಟ್ರಂಕು ವಾಸದ ಮನೆಯಲ್ಲಿ ಬೇಡ. ಬೀಗದ ಕೈ ಮೊಳೆಗೆ ತೂಗದೆ ತಮ್ಮ ಸೊಂಟದ ದಾರದಲ್ಲಿರಲಿ. ಒಂದು ಸಿಂಪರಣೆಗೆ ಬೇಕಾದಷ್ಟನ್ನೇ ಕೊಳ್ಳಿ. ಅಗ್ಗವೆಂದು ಲೀಟರುಗಟ್ಟಲೆ ತಂದಿಡಬೇಡಿ. ನೀರು, ಪಾನಕದ ಬಾಟಲಿಗೆ ಸುರಿದಿಡುವುದಂತೂ ಖಂಡಿತ ಕೂಡದು. ಮನೆಯಲ್ಲಿ ಯಾರಾದರೂ ನೊಂದಿದ್ದಾರೆಂದು ಕಂಡ ದಿನಗಳಲ್ಲಿ ಟ್ರಂಕನ್ನೇ ಬೇರೆ ಮನೆಗೆ ಸಾಗಿಸಿ. ತೋಟದ ಮನೆಯವರೋ ಅಣ್ಣತಮ್ಮಂದಿರೋ ಇಟ್ಟುಕೊಳ್ಳಲು ಇಲ್ಲವೆನ್ನಲಾರರು.

ನೆರವು ಎಲ್ಲಿ ದೊರೆಯುವುದು

ಮನಸ್ಸಿನ ಕಾಯಿಲೆಗೆ ಬೆಂಗಳೂರಿಗೇ ಹೋಗಬೇಕೆಂಬ ಕಾಲ ಹಿಂದೆ ಇತ್ತು. 1985ರಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಆರಂಭಿಸಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಹಳ್ಳಿಯ ರೋಗಿಗೆ ಹಳ್ಳಿಯ ಹತ್ತಿರವೇ ಮದ್ದು ಸಿಗುವಂತೆ ಮಾಡಿದರು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ನಮ್ಮ ನಾಡಿನ ಹಳ್ಳಿಗರಿಂದ ಇಡೀ ದೇಶ ಕಲಿತ ಪಾಠವಿದು. ನಾವೇ ಬಳಸಿಕೊಳ್ಳಲು ಹಿಂಜರಿದರೆ ಹೇಗೆ?

ಈಗ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಮನೋಚೈತನ್ಯ ಕಾರ್ಯಕ್ರಮದಂತೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡುವ ಏರ್ಪಾಡು ಉಂಟು. ತಮ್ಮ ತಾಲ್ಲೂಕಿನ ದಿನ ಯಾವುದೆಂದು ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ಹೊರಡಿ. ಹದಿಹರೆಯದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಮನೆಯಿಂದ ಹೊರಡಲಾರದವರಿಗೆ ಟೆಲಿ ಮಾನಸ್ ಎಂಬ ದೂರವಾಣಿ ಸೇವೆ 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. ಅದರ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಹಣವಿಲ್ಲ, ಕನ್ನಡದಲ್ಲಿ ಮಾತನಾಡುತ್ತಾರೆ. ಮಕ್ಕಳೇ ನೇರವಾಗಿ ಕರೆಯಬಹುದು, ತಾವೂ ಕರೆದು ಸಲಹೆ ಕೇಳಬಹುದು. ಹೊಡೆತ, ಬಾಲ್ಯವಿವಾಹ, ಲೈಂಗಿಕ ಕಿರುಕುಳ ಮುಂತಾದ ತೊಂದರೆಗೆ ಮಕ್ಕಳ ಸಹಾಯವಾಣಿ 1098 ಇದೆ. ಪ್ರಾಣಕ್ಕೆ ಅಪಾಯವಾದ ಹೊತ್ತಿನಲ್ಲಿ 108ಕ್ಕೆ ಕರೆದು ಆಂಬುಲೆನ್ಸ್ ತರಿಸಿ.

ಪೊಲೀಸು, ಕೋರ್ಟು ಎಂದು ಹೆದರಿ ಮುಚ್ಚಿಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು. ಅವರಿಗೆ ಶಿಕ್ಷೆಯಲ್ಲ, ಆರೈಕೆ ದೊರೆಯಬೇಕು. ಆದುದರಿಂದ ಆಸ್ಪತ್ರೆಗೆ ಒಯ್ಯಲು ಒಂದು ಗಳಿಗೆಯೂ ತಡಮಾಡಬಾರದು.

ನಪಾಸಾದರೆ ಮುಂದೇನು ಎಂಬುದನ್ನೂ ಫಲಿತಾಂಶಕ್ಕೆ ಮೊದಲೇ ಮಗುವಿಗೆ ಹೇಳಿಡಿ. ಎಸ್.ಎಸ್.ಎಲ್.ಸಿ.ಗೆ 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶ ಮಾಡಿದ್ದಾರೆ. ಈ ಸಾಲಿನಲ್ಲಿ ಎಷ್ಟು ಸಲ, ಯಾವ ತಾರೀಖು ಎಂಬುದನ್ನು ಮುಖ್ಯೋಪಾಧ್ಯಾಯರಿಂದ ತಿಳಿದುಕೊಳ್ಳಿ. ಅಂಕದಲ್ಲಿ ಸಂದೇಹವಿದ್ದರೆ ಉತ್ತರ ಪತ್ರಿಕೆಯ ಪ್ರತಿ ತರಿಸಿ ಮರುಮೌಲ್ಯಮಾಪನಕ್ಕೆ ಹಾಕಬಹುದು. ಐ.ಟಿ.ಐ.ಯ ಕೆಲವು ಕಸುಬುಗಳಿಗೆ ಎಂಟನೆಯ ತರಗತಿ ಸಾಕು. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಮನೆಯಲ್ಲಿದ್ದೇ ಹತ್ತನೆಯ ತರಗತಿಯ ಪರೀಕ್ಷೆ ಕಟ್ಟಬಹುದು. ಕತ್ತಲ ದಾರಿಯಲ್ಲಿ ಮುಂದಿನ ತಿರುವು ಗೊತ್ತಿದ್ದವನು ಹೆದರುವುದಿಲ್ಲ.

ಊರಿನಿಂದ ಆಗಬೇಕಾದದ್ದು

ಎಸ್.ಡಿ.ಎಂ.ಸಿ. ಸಭೆಯಲ್ಲಿ ಶೌಚಾಲಯ, ಕಾಂಪೌಂಡು, ಬಿಸಿಯೂಟದ ಮಾತಿನ ಜೊತೆಗೆ ಇದನ್ನೂ ಎತ್ತಿ. 14416 ಎಂಬ ಸಂಖ್ಯೆಯನ್ನು ಶಾಲೆಯ ಗೋಡೆಯ ಮೇಲೆ, ಹಾಲಿನ ಡೈರಿಯಲ್ಲಿ, ಗೊಬ್ಬರದ ಅಂಗಡಿಯ ಮುಂದೆ ದೊಡ್ಡ ಅಕ್ಷರದಲ್ಲಿ ಬರೆಸಲು ಗ್ರಾಮ ಪಂಚಾಯಿತಿಗೆ ಆಗುವ ಖರ್ಚು ಒಂದು ಡಬ್ಬ ಬಣ್ಣದ್ದು. ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳನ್ನೇ ಕೇಳಿ, ಅವರಿಗೆ ಯಾವುದರ ಭಯ ಎಂದು. ದೊಡ್ಡವರು ಅಂದು ಹಿಂದಿನ ಸಾಲಿನಲ್ಲಿ ಕೂರಲಿ.

ಫಲಿತಾಂಶದ ದಿನ ಅರಳಿಕಟ್ಟೆಯ ಮೇಲೆ ಕೂತು "ಎಷ್ಟು ತಗೊಂಡೆಯೋ, ಅವನ ಮಗನಿಗೆ ತೊಂಬತ್ತಂತೆ" ಎಂದು ಕೂಗಿ ಕೇಳುವ ಹಿರಿಯರಿಗೆ ಒಂದು ವಿನಂತಿ. ಆ ದಿನ ಮಳೆಯ ಮಾತು ಆಡಿ, ಮಾರುಕಟ್ಟೆ ದರದ ಮಾತು ಆಡಿ. ಹತ್ತನೆಯ ತರಗತಿಯ ಮಗು ಇರುವ ಮನೆಯವರು ಅಂದು ಸಂತೆ, ಮದುವೆ ಎಂದು ಊರು ಬಿಡದೆ ಮನೆಯಲ್ಲೇ ಇರಿ. ಮಗು ಯಾವ ಬಸ್ಸಿಗೆ ಬರುತ್ತದೆಂದು ತಿಳಿದು ನಿಲ್ದಾಣಕ್ಕೇ ಹೋಗಿ ಕರೆತನ್ನಿ. ಮನೆಯಲ್ಲಿ ಬಿಸಿ ಊಟ ಸಿದ್ಧವಿರಲಿ.

ಈ ಅಂಚೆ ತಮ್ಮ ಕೈ ಸೇರಿದ ದಿನವೇ ಆ ಟ್ರಂಕಿಗೆ ಒಂದು ಬೀಗ ಕೊಂಡು ತನ್ನಿ.